ವಿಕಿರಣ ಎಲ್ಲ ದಿಕ್ಕಿಗೂ ಸಮನಾಗಿಯೇ ಹೊರಡಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ಕೈಗಾ ಅಣುಸ್ಥಾವರದಲ್ಲಿ ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಓದಿದೆ. ಯೋಜನೆಯನ್ನು ಬೇಕೆನ್ನುವವರ ಮಾತಿಗೂ ಬೇಡವೆನ್ನುವವರ ಮಾತಿಗೂ ಸಮಾನ ಜಾಗ ಕೊಟ್ಟಿರುವುದು ಮೆಚ್ಚತಕ್ಕ ವಿಷಯ. ಆದರೆ ಲೇಖನದ ಜೊತೆಗೆ ಚೌಕಟ್ಟಿನಲ್ಲಿ ಅಚ್ಚಾದ ವಿಜ್ಞಾನದ ವಿವರಣೆಯಲ್ಲಿ, ವಿಕಿರಣಶೀಲ ಪರಮಾಣುಗಳು ತಮ್ಮ ಕಿರಣಗಳನ್ನು ಎಲ್ಲ ದಿಕ್ಕುಗಳಿಗೂ ಸಮನಾಗಿ ಸೂಸುತ್ತವೆ, ಅದೇ ಪ್ರಕೃತಿಯ ನಿಯಮ ಎಂಬ ಅರ್ಥದ ಒಂದು ಮಾತಿದೆ. ಕೈಗಾದ ಇಂಧನ ಕಂತೆಯ ಮಟ್ಟಿಗೆ ಆ ಮಾತು ವ್ಯವಹಾರಕ್ಕೆ ಸಾಕು. ನಿಯಮವೆಂದು ಹೇಳಿದರೆ ಮಾತ್ರ ಅದು ತಪ್ಪು. ನಮ್ಮ ಜಿಲ್ಲೆಯ ಪದವಿಪೂರ್ವ ಕಾಲೇಜುಗಳ ತರಗತಿಗಳಲ್ಲಿಯೂ ಇದೇ ಮಾತು ಬೇರುಬಿಟ್ಟಿರುವುದರಿಂದ, ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ತಮ್ಮ ಅನುಮತಿ ಕೋರುತ್ತೇನೆ.

ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ಸಿಗೆ ದ್ರವ್ಯರಾಶಿ ಮತ್ತು ವಿದ್ಯುದಾವೇಶ ಇರುವಂತೆಯೇ ಬಹುಪಾಲು ಸಂದರ್ಭಗಳಲ್ಲಿ ಸ್ಪಿನ್ ಎಂಬ ಗುಣವೂ ಇರುತ್ತದೆ. ಅದು ನ್ಯೂಕ್ಲಿಯಸ್ಸಿನ ಸ್ವಂತ ಕೋನೀಯ ಸಂವೇಗ. ಸ್ಪಿನ್ ಇದ್ದಲ್ಲಿ ಸಾಮಾನ್ಯವಾಗಿ ಒಂದು ಕಿರು ಕಾಂತವೂ ಇದ್ದೇ ಇರುತ್ತದೆ. ಸ್ಪಿನ್ನಿಗೆ ದಿಕ್ಕುಂಟು ಎನ್ನುವುದೇ ಇಲ್ಲಿ ಮುಖ್ಯ. ನ್ಯೂಕ್ಲಿಯಸ್ ಕ್ಷಯಿಸಿ ಬೀಟಾ ಕಣವನ್ನು (ವೇಗದ ಎಲೆಕ್ಟ್ರಾನನ್ನು) ಹೊರಹಾಕುವಾಗ ಆ ಕಣ ಯಾವ ಕಡೆಗೆ ಹೋಗುವ ಸಂಭವ ಹೆಚ್ಚು ಎಂಬುದು ಈ ದಿಕ್ಕನ್ನು ಅವಲಂಬಿಸಿರುತ್ತದೆ. ಬಳಸಿ ತೆಗೆದ ಇಂಧನದಲ್ಲಿ ಅಸಂಖ್ಯ ನ್ಯೂಕ್ಲಿಯಸ್‌ಗಳ ಸ್ಪಿನ್ನುಗಳು ಮನಬಂದ ಕಡೆಗೆ ಮುಖ ಮಾಡಿಕೊಂಡಿರುವುದರಿಂದ ಒಂದರ ಒಲವನ್ನು ಇನ್ನೊಂದರ ಒಲವು ಅಳಿಸಿಹಾಕಿ, ಒಟ್ಟು ವಿಕಿರಣ ಸುತ್ತಲೂ ಸಮನಾಗಿ ಕಾಣುತ್ತದೆ. ಸಮತೆ ಇರುವುದು ಗುಂಪಿನಲ್ಲಿಯೇ ಹೊರತು ಒಂಟಿ ನ್ಯೂಕ್ಲಿಯಸ್ಸಿನಲ್ಲಿ ಅಲ್ಲ. ಗುಂಪಿನ ಸ್ಪಿನ್ನುಗಳಲ್ಲಿ ಹೆಚ್ಚಿನ ಪಾಲು ಒಂದೇ ಕಡೆಗೆ ಮುಖ ಮಾಡುವಂತಾದರೆ ಅದನ್ನು ಸ್ಪಿನ್ ಧ್ರುವೀಕರಣ ಎನ್ನುತ್ತಾರೆ. ಆಗ ವಿಕಿರಣವೂ ಒಂದು ಕಡೆಗೆ ವಾಲುತ್ತದೆ.

ಕೈಗಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಈಗಿರುವ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನವು. ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿರುವ ಅಂಥ ಒಂದು ಘಟಕದೊಳಗೆ ಸೆಕೆಂಡಿಗೆ 1ರ ಮುಂದೆ 19 ಸೊನ್ನೆ ಬರೆದರೆ ಆಗುವುದಕ್ಕಿಂತ ಹೆಚ್ಚು ವಿದಳನಗಳು ನಡೆಯುತ್ತವೆ. ಪ್ರತಿ ವಿದಳನದಲ್ಲಿಯೂ ಯುರೇನಿಯಂ ನ್ಯೂಕ್ಲಿಯಸ್ ಎರಡು ತುಂಡಾಗುತ್ತದೆ, ಎರಡೂ ತುಂಡುಗಳು ತಿರುಗುತ್ತಲೇ ದೂರ ಸರಿಯುತ್ತವೆ. ಫ್ರಾನ್ಸಿನ ಓರ್ಸೆಯ ವೇಗವರ್ಧಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದು, ಈ ತುಂಡುಗಳ ಸ್ಪಿನ್ ಕ್ವಾಂಟಂ ಮಾನದಲ್ಲಿ ಸಾಧಾರಣವಾಗಿ 6ರಿಂದ 7ರಷ್ಟಿರುತ್ತದೆ ಎಂದೂ, ಒಂದು ತುಂಡಿನ ಸ್ಪಿನ್ನಿನ ಪ್ರಮಾಣಕ್ಕೂ ಜೊತೆಗಾರ ತುಂಡಿನ ಸ್ಪಿನ್ನಿನ ಪ್ರಮಾಣಕ್ಕೂ ಸಂಬಂಧವಿಲ್ಲ ಎಂದೂ ತೋರಿಸಿತು. ನ್ಯೂಕ್ಲಿಯಸ್ ಹರಿದು ಬೇರೆಯಾದ ಮೇಲೆ ಸ್ಪಿನ್ ಹುಟ್ಟುತ್ತದೆ ಎಂದು ಆ ತಂಡ ಇದನ್ನು ಅರ್ಥೈಸಿತು. ಆ ಸ್ಪಿನ್ನುಗಳು ತುಂಡುಗಳು ಸಿಡಿದ ದಾರಿಗೆ ಬಹುಮಟ್ಟಿಗೆ ಅಡ್ಡಲಾಗಿರುತ್ತವೆ ಎಂಬುದು ಬಹಳ ಹಿಂದೆಯೇ ತಿಳಿದಿತ್ತು. ಅಂದರೆ ಒಂದೊಂದು ವಿದಳನದಲ್ಲಿಯೂ ದಿಕ್ಕಿನ ಕ್ರಮವೊಂದಿದೆ. ಆದರೆ ವಿದಳನದ ದಾರಿಗಳೇ ಮನಸೋ ಇಚ್ಛೆ ಇರುವುದರಿಂದ ಕದ್ರಾ ಜಲಾಶಯದ ದಂಡೆಯಲ್ಲಿ ನಿಂತು ಅಳೆಯುವವರಿಗೆ ಆ ಕ್ರಮದ ಲವಲೇಶವೂ ಸಿಗದು.

ಸ್ಪಿನ್ನುಗಳನ್ನು ಸಾಲಾಗಿ ನಿಲ್ಲಿಸಿದರೆ ಬೀಟಾ ಕಣಗಳಿಗೆ ಏನಾಗುತ್ತದೆ ಎಂಬುದನ್ನು ಮೊದಲು ತೋರಿಸಿಕೊಟ್ಟವರು ಭೌತವಿಜ್ಞಾನಿ ಚಿಯೆನ್-ಶಿಯುಂಗ್ ವು. ಬೀಟಾ ಕಣವನ್ನು ಹೊರಡಿಸುವ ದುರ್ಬಲ ಬಲದಿಂದ ನಡೆಯುವ ಕ್ರಿಯೆಗಳು ಕನ್ನಡಿಯ ಪ್ರತಿಬಿಂಬಕ್ಕೆ ಸಮನಾಗಿರಲೇಬೇಕೇ ಎಂದು ಸಿದ್ಧಾಂತಿಗಳಾದ ಲೀ ಮತ್ತು ಯಾಂಗ್ 1956ರಲ್ಲಿ ಪ್ರಶ್ನೆಯೆತ್ತಿದಾಗ, ವು ಮತ್ತು ಅವರ ಸಂಗಡಿಗರು ವಾಷಿಂಗ್ಟನ್ನಿನ ಪ್ರಯೋಗಾಲಯವೊಂದರಲ್ಲಿ ಕೋಬಾಲ್ಟ್-60ನ್ನು ನಿರಪೇಕ್ಷ ಸೊನ್ನೆಗಿಂತ ಕೆಲ್ವಿನ್ನಿನ ನೂರನೇ ಒಂದು ಪಾಲಿನಷ್ಟೇ ಮೇಲಿರುವ ಚಳಿಗೆ ಇಳಿಸಿ, ಕಾಂತಕ್ಷೇತ್ರದಲ್ಲಿಟ್ಟು, ಅದರ ಸ್ಪಿನ್ನುಗಳು ಒಂದು ಕಡೆಗೆ ಮುಖ ಮಾಡುವಂತೆ ಮಾಡಿದರು. ಬೀಟಾ ಕಣಗಳು ಸ್ಪಿನ್ನಿನ ದಿಕ್ಕಿಗಿಂತ ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸ್ಪಷ್ಟವಾಗಿ ಹೆಚ್ಚು ಹೊರಬಿದ್ದವು. ಲೀ ಮತ್ತು ಯಾಂಗ್ ಅವರಿಗೆ 1957ರಲ್ಲಿಯೇ ನೊಬೆಲ್ ಪ್ರಶಸ್ತಿ ಬಂತು. ಪ್ರಯೋಗ ಮಾಡಿ ತೋರಿಸಿದ ವು ಅವರಿಗೆ ಬರಲಿಲ್ಲ. ಅದು ಅನ್ಯಾಯವೆಂದು ಭಾವಿಸುವ ಅನೇಕರಲ್ಲಿ ನಾನೂ ಒಬ್ಬ.

ಕೋಬಾಲ್ಟ್-60ರ ಅರ್ಧಾಯು, ಅಂದರೆ ಅದರ ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಕ್ಷಯಿಸಲು ಹಿಡಿಯುವ ಕಾಲ, ಐದು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ತಣ್ಣಗಾಗಿಸಿ, ಕಾಂತಕ್ಷೇತ್ರದಲ್ಲಿಟ್ಟು, ನಿಧಾನವಾಗಿ ನೋಡಲು ಅಲ್ಲಿ ಬೇಕಾದಷ್ಟು ಬಿಡುವಿದೆ. ಬೋರಾನ್-12ರಂಥ ನ್ಯೂಕ್ಲಿಯಸ್ಸಿನ ಅರ್ಧಾಯುವಾದರೋ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ಪ್ರಕೃತಿಯಲ್ಲಿ ಎಲ್ಲಿಯೂ ಕೂಡಿಡಲಾಗದ ಅದನ್ನು ನ್ಯೂಕ್ಲಿಯರ್ ಕ್ರಿಯೆಯಲ್ಲಿ ಸೃಷ್ಟಿಸಿಯೇ ಪಡೆಯಬೇಕು, ಪಡೆದ ಕ್ಷಣದಲ್ಲಿಯೇ ನೋಡಬೇಕು. ಅದನ್ನು ತಣ್ಣಗಾಗಿಸಲು ಹೊರಟರೆ ಸಿದ್ಧತೆ ಮುಗಿಯುವ ಮೊದಲೇ ಅದು ಕಾರ್ಬನ್ ಆಗಿಬಿಟ್ಟಿರುತ್ತದೆ. ಹೀಗಾಗಿ ಅದರ ಸ್ಪಿನ್ನಿಗೆ ದಿಕ್ಕು ಕೊಡುವ ಕೆಲಸವನ್ನು ಅದನ್ನು ಹುಟ್ಟಿಸಿದ ಕ್ರಿಯೆಯೇ ಮಾಡಿಕೊಡಬೇಕಾಯಿತು. ಅದು ಮಾಡಿಯೂ ಕೊಡುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಇದರ ಒಂದು ದಾರಿ ರಿಯಾಕ್ಟರಿನಿಂದಲೇ ಹೊರಟಿತು. 1959ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಕಾನರ್ ಎಂಬ ವಿಜ್ಞಾನಿ, ರಿಯಾಕ್ಟರಿನಿಂದ ಬಂದ ನ್ಯೂಟ್ರಾನುಗಳಲ್ಲಿ ಒಂದೇ ಕಡೆಗೆ ಸ್ಪಿನ್ ಇದ್ದವನ್ನು ಆಯ್ದು ಲಿಥಿಯಂ ಫ್ಲೋರೈಡ್ ಹರಳಿನ ಮೇಲೆ ಹಾಯಿಸಿದರು. ನ್ಯೂಟ್ರಾನನ್ನು ನುಂಗಿದ ಲಿಥಿಯಂ-7 ವಿಕಿರಣಶೀಲ ಲಿಥಿಯಂ-8 ಆಯಿತು, ನ್ಯೂಟ್ರಾನಿನ ಸ್ಪಿನ್ನಿನ ಒಂದಂಶ ಹೊಸ ನ್ಯೂಕ್ಲಿಯಸ್ಸಿಗೂ ಬಂತು. ಮುಂದಿನ ದಶಕದಲ್ಲಿ ಜಪಾನಿನ ಒಸಾಕಾದ ಸಂಶೋಧಕರು, ಧ್ರುವೀಕರಣವಿಲ್ಲದ ಸಾದಾ ಕಣಪುಂಜದಿಂದಲೇ ಕೆಲಸ ಸಾಧಿಸುವ ಮಾರ್ಗವನ್ನು ಬೆಳೆಸಿದರು. ಗುರಿಯಿಂದ ಚಿಮ್ಮಿ ಬರುವ ನ್ಯೂಕ್ಲಿಯಸ್‌ಗಳಲ್ಲಿ ಒಂದು ನಿರ್ದಿಷ್ಟ ಕೋನದಲ್ಲಿ ಬಂದವನ್ನಷ್ಟೇ ಹಿಡಿದರೆ ಅವುಗಳ ಸ್ಪಿನ್ನುಗಳು ಒಂದು ಕಡೆಗೆ ವಾಲಿರುತ್ತವೆ ಎಂಬುದನ್ನು ಅವರು ಬಳಸಿಕೊಂಡರು.

ಭಾರವಾದ ನ್ಯೂಕ್ಲಿಯಸ್‌ಗಳನ್ನೇ ಅತಿ ವೇಗದಲ್ಲಿ ಓಡಿಸಿ ಒಡೆಯುವ ಕ್ರಿಯೆಯಲ್ಲಿಯೂ ಹೀಗಾಗುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ತೆರೆದೇ ಇತ್ತು. ಅಂಥ ಬಿರುಸಿನ ಘರ್ಷಣೆಯಲ್ಲಿ ದಿಕ್ಕಿನ ನೆನಪು ಉಳಿಯುವುದುಂಟೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. 1990ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕೊಯಿಚಿರೊ ಅಸಾಹಿ ಮತ್ತು ಸಂಗಡಿಗರು, ಪ್ರತಿ ನ್ಯೂಕ್ಲಿಯಾನಿಗೆ (ಪ್ರೋಟಾನು ಅಥವಾ ನ್ಯೂಟ್ರಾನಿಗೆ) ಸುಮಾರು 40 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ನೈಟ್ರೋಜನ್-14ನ್ನು ಚಿನ್ನದ ಹಾಳೆಗೆ ಹೊಡೆಸಿ, ಎರಡು ಪ್ರೋಟಾನು ಕಳೆದುಕೊಂಡು ಹೊರಬಂದ ಬೋರಾನ್-12ರ ಸ್ಪಿನ್ನುಗಳು ಧ್ರುವೀಕರಣಗೊಂಡಿರುವುದನ್ನು ಕಂಡರು. ಅದಕ್ಕೆ ಅವರು ಕೊಟ್ಟ ವಿವರಣೆ ಅಚ್ಚರಿಯಾಗುವಷ್ಟು ಸರಳ. ಕಾಳಿ ನದಿಯ ಅಳಿವೆಯಲ್ಲಿ ನೇರ ಹೋಗುತ್ತಿರುವ ದೋಣಿಯ ಒಂದು ಬದಿಗಷ್ಟೇ ಬಂಡೆ ಸವರಿದರೆ ದೋಣಿ ಮುಂದೆ ಸಾಗುತ್ತಲೇ ತಿರುಗತೊಡಗುತ್ತದೆ. ಯಾವ ಕಡೆಗೆ ತಿರುಗುತ್ತದೆ ಎಂಬುದು ಬಂಡೆ ತಾಗಿದ್ದು ಎಡಕ್ಕೋ ಬಲಕ್ಕೋ ಎಂಬುದರ ಮೇಲೆ ನಿಂತಿದೆ. ನ್ಯೂಕ್ಲಿಯಸ್ಸಿನ ಅಂಚು ಗುರಿಗೆ ತಾಗಿ ಅಲ್ಲಿಯ ಒಂದಷ್ಟು ನ್ಯೂಕ್ಲಿಯಾನುಗಳು ಕಿತ್ತುಹೋದಾಗಲೂ ಹಾಗೆಯೇ. ಕಿತ್ತುಹೋದವು ಆ ಕ್ಷಣದಲ್ಲಿ ಹೊಂದಿದ್ದ ಸಂವೇಗ ಮತ್ತು ಅವು ಕೇಂದ್ರದಿಂದ ಇದ್ದ ದೂರ, ಇವೆರಡೂ ಸೇರಿ ಉಳಿದ ತುಂಡಿಗೆ ಎಷ್ಟು ಕೋನೀಯ ಸಂವೇಗ, ಯಾವ ಕಡೆಗೆ ಎಂಬುದನ್ನು ತೀರ್ಮಾನಿಸುತ್ತವೆ.

ಈ ವಿವರಣೆಯಿಂದ ಹೊರಡುವ ಕೆಲವು ನಿರೀಕ್ಷೆಗಳನ್ನು ಪರೀಕ್ಷಿಸಿ ನೋಡಬಹುದು. ಪುಂಜದ ವೇಗದಲ್ಲಿಯೇ ಹೊರಬಂದ ತುಂಡುಗಳಲ್ಲಿ ಧ್ರುವೀಕರಣ ಸೊನ್ನೆಯ ಹತ್ತಿರ ಇರಬೇಕು. ಅದಕ್ಕಿಂತ ನಿಧಾನವಾಗಿ ಬಂದವುಗಳಲ್ಲಿ ಒಂದು ಕಡೆಗೂ ವೇಗವಾಗಿ ಬಂದವುಗಳಲ್ಲಿ ಎದುರು ಕಡೆಗೂ ಇರಬೇಕು. ಚಿನ್ನದಂಥ ಭಾರದ ಗುರಿಯಾದರೆ ವಿದ್ಯುತ್ ವಿಕರ್ಷಣೆಯಿಂದ ತುಂಡು ಹೊರಕ್ಕೆ ಬಾಗುತ್ತದೆ, ಹಗುರವಾದ ಗುರಿಯಾದರೆ ನ್ಯೂಕ್ಲಿಯರ್ ಆಕರ್ಷಣೆಯಿಂದ ಒಳಕ್ಕೆ ಬಾಗುತ್ತದೆ. ಆದ್ದರಿಂದ ಗುರಿಯನ್ನು ಬದಲಿಸಿದರೆ ಧ್ರುವೀಕರಣದ ಚಿಹ್ನೆಯೂ ತಿರುಗಬೇಕು. ಮುಂದಿನ ಪ್ರಯೋಗಗಳಲ್ಲಿ ಬಹುಮಟ್ಟಿಗೆ ಈ ಚಿತ್ರವೇ ಕಂಡುಬಂತು. ಸಿಗುವ ಧ್ರುವೀಕರಣ ಮಾತ್ರ ಸಾಮಾನ್ಯವಾಗಿ ನೂರಕ್ಕೆ ಕೆಲವೇ ಪಾಲು, ಅನುಕೂಲಕರ ಸಂದರ್ಭಗಳಲ್ಲಿ ಹತ್ತಿಪ್ಪತ್ತು ಪಾಲು.

ಇಲ್ಲಿ ಒಂದು ಸೂಕ್ಷ್ಮವಿದೆ, ವಿದ್ಯಾರ್ಥಿಗಳಿಗೆ ಇದು ರುಚಿಸೀತು. ಪುಂಜದ ನೇರದಲ್ಲಿಯೇ ನಿಂತು ತುಂಡುಗಳನ್ನು ಹಿಡಿದರೆ ಧ್ರುವೀಕರಣ ಸಿಗುವುದಿಲ್ಲ, ಏಕೆಂದರೆ ಎಡ ಬದಿಗೆ ತಾಗಿದವೂ ಬಲ ಬದಿಗೆ ತಾಗಿದವೂ ಸಮಸಮನಾಗಿ ಬಂದು ಒಂದನ್ನೊಂದು ಅಳಿಸುತ್ತವೆ. ಕೆಲವೇ ಡಿಗ್ರಿಗಳಷ್ಟಾದರೂ ಓರೆಯಾಗಿ ಬಂದವನ್ನು ಆಯ್ದುಕೊಳ್ಳಬೇಕು. ಹಾಗೆ ಆಯ್ದಾಗ ಸ್ಪಿನ್ನು ಯಾವ ದಿಕ್ಕಿಗಿರಬಲ್ಲದು? ಪುಂಜ ಬಂದ ದಾರಿ ಮತ್ತು ತುಂಡು ಹೋದ ದಾರಿ ಎರಡೂ ಇರುವ ಸಮತಲದಲ್ಲಿ ಒಂದು ಕನ್ನಡಿ ಇಟ್ಟಂತೆ ಊಹಿಸಿದರೆ, ಪ್ರತಿಬಿಂಬದಲ್ಲಿಯೂ ಘರ್ಷಣೆ ಹಾಗೆಯೇ ಕಾಣುತ್ತದೆ. ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಪ್ರಬಲ ಬಲಕ್ಕೆ ವಸ್ತುವಿಗೂ ಪ್ರತಿಬಿಂಬಕ್ಕೂ ಭೇದವಿಲ್ಲ. ಆದರೆ ತಿರುಗುವಿಕೆಯ ಗುಣವೇ ಹಾಗಿರುವುದರಿಂದ, ಆ ಸಮತಲದೊಳಗಿನ ಸ್ಪಿನ್ ಪ್ರತಿಬಿಂಬದಲ್ಲಿ ತಲೆಕೆಳಗಾಗುತ್ತದೆ, ಸಮತಲಕ್ಕೆ ಲಂಬವಾದ ಸ್ಪಿನ್ ಮಾತ್ರ ಇದ್ದಂತೆಯೇ ಇರುತ್ತದೆ. ಆದ್ದರಿಂದ ಕ್ರಿಯೆ ಕೊಡಬಲ್ಲ ಧ್ರುವೀಕರಣವೆಲ್ಲ ಲಂಬವಾದದ್ದೇ. ಕನ್ನಡಿಯ ನಿಯಮವನ್ನು ಪಾಲಿಸುವ ಪ್ರಬಲ ಬಲ ಹೀಗೆ ಸ್ಪಿನ್ನಿಗೆ ದಿಕ್ಕು ಕೊಡುತ್ತದೆ, ಆ ನಿಯಮವನ್ನು ಮುರಿಯುವ ದುರ್ಬಲ ಬಲ ಬೀಟಾ ಕಣದ ಮೂಲಕ ಆ ದಿಕ್ಕನ್ನು ನಮಗೆ ಓದಿ ಹೇಳುತ್ತದೆ. ದುರ್ಬಲ ಬಲವೂ ಆ ನಿಯಮವನ್ನು ಪಾಲಿಸಿದ್ದರೆ ಈ ವಿಧಾನ ಸಾಧ್ಯವಾಗುತ್ತಿರಲಿಲ್ಲ.

ಪ್ರಾಯೋಗಿಕವಾಗಿ ಇದು ಸುಲಭದ ಕೆಲಸವೇನಲ್ಲ. ತುಂಡುಗಳು ಅತಿ ಹೆಚ್ಚು ಸಿಗುವುದು ಪುಂಜದ ವೇಗದ ಆಸುಪಾಸಿನಲ್ಲಿ, ಧ್ರುವೀಕರಣ ಹೆಚ್ಚಿರುವುದು ತುಂಡುಗಳೇ ವಿರಳವಾಗಿರುವ ಅಂಚಿನಲ್ಲಿ. ಅಳತೆಯ ನಿಖರತೆ ತುಂಡುಗಳ ಸಂಖ್ಯೆಯನ್ನು ಧ್ರುವೀಕರಣದ ವರ್ಗದಿಂದ ಗುಣಿಸಿ ಬಂದ ಗುಣಲಬ್ಧಕ್ಕೆ ಕಟ್ಟುಬಿದ್ದಿರುವುದರಿಂದ, ಧ್ರುವೀಕರಣ ಅರ್ಧಕ್ಕಿಳಿದರೆ ಅಷ್ಟೇ ನಿಖರತೆಗೆ ನಾಲ್ಕು ಪಟ್ಟು ತುಂಡುಗಳು ಬೇಕು. ವೇಗವರ್ಧಕದ ಸಮಯ ದುಬಾರಿ. ಹೀಗಾಗಿ ಎಲ್ಲಿ ನಿಲ್ಲಬೇಕು ಎಂಬ ಲೆಕ್ಕಾಚಾರದಲ್ಲಿಯೇ ಪ್ರಯೋಗದ ಅರ್ಧ ಜಾಣ್ಮೆ ಅಡಗಿದೆ.

ಹಿಡಿದ ನ್ಯೂಕ್ಲಿಯಸ್‌ಗಳನ್ನು ಅವುಗಳ ದಿಕ್ಕು ಕೆಡದಂಥ ವಸ್ತುವಿನಲ್ಲಿ ನಿಲ್ಲಿಸಬೇಕು. ಬೋರಾನ್-12ಕ್ಕೆ ಪ್ಲಾಟಿನಂ ಹಾಳೆ ಒಗ್ಗುತ್ತದೆ. ಸ್ಪಿನ್ನಿನ ದಿಕ್ಕಿನಲ್ಲಿ ಸ್ಥಿರ ಕಾಂತಕ್ಷೇತ್ರವೊಂದನ್ನು ಹಾಕಿ, ಮೇಲೊಂದು ಕೆಳಗೊಂದು ಬೀಟಾ ಶೋಧಕವನ್ನಿಟ್ಟು ಎಣಿಸಿದರೆ, ಸ್ಪಿನ್ನುಗಳು ನೂರಕ್ಕೆ ಹತ್ತರಷ್ಟು ಮೇಲ್ಮುಖವಾಗಿ ಧ್ರುವೀಕರಣಗೊಂಡಿದ್ದಾಗ ಆದರ್ಶ ಸ್ಥಿತಿಯಲ್ಲಿ ಮೇಲಕ್ಕೆ 90 ಕಣಗಳು ಹೋದರೆ ಕೆಳಕ್ಕೆ 110 ಹೋಗುತ್ತವೆ. ಈಗ ರೇಡಿಯೋ ತರಂಗಗಳ ಆವರ್ತಾಂಕವನ್ನು ಮೆಲ್ಲಗೆ ಬದಲಿಸುತ್ತ ಹೋದರೆ, ನ್ಯೂಕ್ಲಿಯಸ್ಸಿನ ಸ್ವಂತ ಆವರ್ತಾಂಕ ಬಂದೊಡನೆ ಸ್ಪಿನ್ನುಗಳು ಮಗುಚುತ್ತವೆ, ಮೇಲೆ ಕೆಳಗಿನ ವ್ಯತ್ಯಾಸವೂ ತಿರುಗುಮುರುಗಾಗುತ್ತದೆ. ಆ ಆವರ್ತಾಂಕದಿಂದ ನ್ಯೂಕ್ಲಿಯಸ್ಸಿನ ಕಾಂತೀಯ ಮಹತ್ವ, ಅಂದರೆ ಅದರ ಕಿರು ಕಾಂತ ಎಷ್ಟು ಬಲವಾದದ್ದು ಎಂಬುದು, ನೇರವಾಗಿ ಗೊತ್ತಾಗುತ್ತದೆ. ಇದಕ್ಕೆ ಬೀಟಾ-ಎನ್‌ಎಂಆರ್ (ಬೀಟಾ ಕಣಗಳಿಂದ ಗುರುತಿಸುವ ನ್ಯೂಕ್ಲಿಯರ್ ಕಾಂತೀಯ ಅನುರಣನ) ಎಂದು ಹೆಸರು.

ಎಂಆರ್‌ಐ ಸ್ಕ್ಯಾನಿಗೆಂದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಮಂಗಳೂರಿಗೋ ಓಡಾಡಿದವರು ನಮ್ಮ ಜಿಲ್ಲೆಯ ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. (ಸುಸಜ್ಜಿತ ಆಸ್ಪತ್ರೆಯ ಬೇಡಿಕೆಯ ಬಗ್ಗೆ ತಮ್ಮ ಪತ್ರಿಕೆಯೇ ಸಾಕಷ್ಟು ಬರೆದಿದೆ, ಅದನ್ನಿಲ್ಲಿ ಎಳೆದು ತರುವುದಿಲ್ಲ.) ಆ ಯಂತ್ರದ ಮೂಲತತ್ತ್ವವೂ ಇದೇ. ಆದರೆ 1.5 ಟೆಸ್ಲಾದ ಆ ದೊಡ್ಡ ಕಾಂತದೊಳಗೆ ಮಲಗಿದವರ ದೇಹದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳ ಧ್ರುವೀಕರಣ ಹತ್ತು ಲಕ್ಷಕ್ಕೆ ಸುಮಾರು ಐದರಷ್ಟು ಮಾತ್ರ. ಒಂದು ಹನಿ ನೀರಿನಲ್ಲಿಯೇ 1ರ ಮುಂದೆ 21 ಸೊನ್ನೆಗಳಷ್ಟು ಹೈಡ್ರೋಜನ್ ನ್ಯೂಕ್ಲಿಯಸ್‌ಗಳಿರುವುದರಿಂದ ಅಷ್ಟು ಸಾಲುತ್ತದೆ. ಅಲ್ಪಾಯುಷಿ ನ್ಯೂಕ್ಲಿಯಸ್‌ಗಳು ಸೆಕೆಂಡಿಗೆ ಸಾವಿರಗಳ ಲೆಕ್ಕದಲ್ಲಿ ಬಂದರೂ ಹೆಚ್ಚೇ. ಆದರೂ ಅಳತೆ ಸಾಧ್ಯವಾಗುವುದು ಎರಡು ಕಾರಣಗಳಿಂದ. ಕ್ರಿಯೆಯಿಂದ ಬಂದ ಹತ್ತು ಪ್ರತಿಶತ ಧ್ರುವೀಕರಣ ಎಂಆರ್‌ಐ ಯಂತ್ರದಲ್ಲಿರುವುದರ ಇಪ್ಪತ್ತು ಸಾವಿರ ಪಟ್ಟು. ಜೊತೆಗೆ ಪ್ರತಿ ನ್ಯೂಕ್ಲಿಯಸ್ಸೂ ಸಾಯುವಾಗ ತನ್ನ ದಿಕ್ಕಿನ ಸುಳಿವನ್ನು ಒಂದೊಂದಾಗಿ ಎಣಿಸಬಹುದಾದ ಕಣದ ರೂಪದಲ್ಲಿ ಬಿಟ್ಟುಹೋಗುತ್ತದೆ.

ಇದರಿಂದ ತಿಳಿದುಬಂದದ್ದು ಕಡಿಮೆಯೇನಲ್ಲ. ಲಿಥಿಯಂ-11 ಎಂಬ ನ್ಯೂಕ್ಲಿಯಸ್ಸಿನಲ್ಲಿ ಒಳಗಿನ ತಿರುಳಿನ ಸುತ್ತ ಎರಡು ನ್ಯೂಟ್ರಾನುಗಳು ಬಹುದೂರ ಹರಡಿಕೊಂಡಿರುತ್ತವೆ ಎಂಬ ಸೂಚನೆ 1985ರ ಪ್ರಯೋಗದಲ್ಲಿ ಸಿಕ್ಕಿತ್ತು. ಒಳಗಿನ ತಿರುಳೇ ಊದಿಕೊಂಡಿದೆಯೇ ಎಂಬ ಸಂಶಯ ಆಗ ಉಳಿದಿತ್ತು. ಜಿನೀವಾದ ಸೆರ್ನ್‌ನಲ್ಲಿರುವ ಐಸೋಲ್ಡೆ ಘಟಕದವರು 1987ರಲ್ಲಿ ಅದರ ಕಾಂತೀಯ ಮಹತ್ವವನ್ನು ಅಳೆದಾಗ ಅದು, ಆ ಎರಡು ನ್ಯೂಟ್ರಾನುಗಳಿಲ್ಲದ ಲಿಥಿಯಂ-9ರದ್ದಕ್ಕೆ ಬಹಳ ಹತ್ತಿರವಾಗಿತ್ತು. ಅಂದರೆ ತಿರುಳು ಹೆಚ್ಚುಕಡಿಮೆ ಹಾಗೆಯೇ ಇದೆ, ಹೊರಗಿನ ಜೋಡಿ ಮಾತ್ರ ಹರಡಿದೆ. ಮೆಗ್ನೀಸಿಯಂ-31ರ ಸ್ಪಿನ್, ನ್ಯೂಕ್ಲಿಯಾನುಗಳು ಪದರ ಪದರವಾಗಿ ತುಂಬುತ್ತವೆ ಎನ್ನುವ ರೂಢಿಯ ಕವಚ ಮಾದರಿಯ ಲೆಕ್ಕದಲ್ಲಿ 3/2 ಇರಬೇಕಿತ್ತು. 2005ರಲ್ಲಿ ಅಲ್ಲಿಯೇ ಅಳೆದಾಗ 1/2 ಎಂದು ತಿಳಿಯಿತು. ನ್ಯೂಟ್ರಾನುಗಳು ಹೆಚ್ಚಾದಂತೆ ಒಳಗಿನ ಕವಚಗಳ ಕ್ರಮವೇ ಬದಲಾಗುತ್ತದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಐಸೋಲ್ಡೆಯ ಈ ಎರಡು ಅಳತೆಗಳಲ್ಲಿ ಸ್ಪಿನ್ನಿಗೆ ದಿಕ್ಕು ಕೊಟ್ಟದ್ದು ಲೇಸರ್ ಎಂಬುದನ್ನೂ ಹೇಳಬೇಕು. ಲೇಸರ್ ವಿಧಾನದಲ್ಲಿ ಹೆಚ್ಚು ಧ್ರುವೀಕರಣ ಸಿಗುತ್ತದೆ. ಆದರೆ ಅದಕ್ಕೆ ಹೊಂದುವ ಪರಮಾಣುಗಳಿಗಷ್ಟೇ ಅದು ಸಲ್ಲುತ್ತದೆ. ಘರ್ಷಣೆಯ ವಿಧಾನಕ್ಕೆ ರಾಸಾಯನಿಕ ಗುಣದ ಹಂಗಿಲ್ಲ. ಕೆನಡಾದ ವ್ಯಾಂಕೂವರಿನ ಟ್ರಯಂಫ್ ಪ್ರಯೋಗಾಲಯದಲ್ಲಿ ಧ್ರುವೀಕರಣಗೊಂಡ ಲಿಥಿಯಂ-8ನ್ನು ತೆಳುಪದರಗಳೊಳಗೆ ನೆಟ್ಟು, ಅಲ್ಲಿಯ ಕಾಂತಕ್ಷೇತ್ರವನ್ನು ಅಳೆಯುತ್ತಾರೆ.

ಇವೆಲ್ಲ ಹೊರದೇಶಗಳ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ಕಾರವಾರದಿಂದ ಕೊಂಕಣ ರೈಲು ಹಿಡಿದರೆ ತಲುಪುವ ಮುಂಬಯಿಯ ಕೊಲಾಬಾದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆವರಣದ ವೇಗವರ್ಧಕದಲ್ಲಿ, ಕ್ರಿಯೆಯಿಂದಲೇ ಸ್ಪಿನ್ನುಗಳು ಸಾಲುಗೊಂಡ ಉದ್ರಿಕ್ತ (ಹೆಚ್ಚುವರಿ ಶಕ್ತಿ ಪಡೆದ) ನ್ಯೂಕ್ಲಿಯಸ್‌ಗಳ ಗಾಮಾ ಕಿರಣಗಳನ್ನು ನೋಡಿ ಕಾಂತೀಯ ಮಹತ್ವ ಅಳೆಯುವ ಕೆಲಸ ದಶಕಗಳಿಂದ ನಡೆದುಬಂದಿದೆ. ಅಲ್ಲಿ ಬೇಕಾಗುವುದು ಕನ್ನಡಿ ನಿಯಮದ ಉಲ್ಲಂಘನೆಯಲ್ಲ, ಗಾಮಾ ಕಿರಣಗಳ ಕೋನೀಯ ಹಂಚಿಕೆಯಷ್ಟೇ. ಭೌತಶಾಸ್ತ್ರ ಓದಬೇಕೆಂದಿರುವ ಶಿರಸಿ, ಕುಮಟಾ, ಹೊನ್ನಾವರದ ಮಕ್ಕಳಿಗೆ ಇದು ಕೈಗೆಟುಕದ ವಿದ್ಯೆಯೇನಲ್ಲ.

ಇದರಿಂದ ಕೈಗಾದ ಸುರಕ್ಷತೆಯ ಚರ್ಚೆ ಆ ಕಡೆಗಾಗಲಿ ಈ ಕಡೆಗಾಗಲಿ ಒಂದಿಂಚೂ ಸರಿಯುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಇಂಧನದಲ್ಲಿರುವ ಸೀಸಿಯಂನಂಥ ನ್ಯೂಕ್ಲಿಯಸ್‌ಗಳ ಸ್ಪಿನ್ನುಗಳಿಗೆ ಗೊತ್ತಾದ ಒಂದು ದಿಕ್ಕಿಲ್ಲ. ಗೋಡೆಯ ದಪ್ಪವನ್ನು ಲೆಕ್ಕ ಹಾಕುವ ಎಂಜಿನಿಯರರು ವಿಕಿರಣವನ್ನು ಸುತ್ತಲೂ ಸಮನೆಂದು ಹಿಡಿಯುವುದು ಸರಿಯೇ. ನನ್ನ ಆಕ್ಷೇಪ ಇರುವುದು ಬೇರೆಡೆ. ಸ್ಥಾವರ ಬೇಕೆನ್ನುವವರ ಕರಪತ್ರದಲ್ಲಿಯೂ ಬೇಡವೆನ್ನುವವರ ಕರಪತ್ರದಲ್ಲಿಯೂ ವಿಕಿರಣಶೀಲ ನ್ಯೂಕ್ಲಿಯಸ್ ಎಂದರೆ ಒಂದೇ ಬಗೆಯ, ಮುಖವಿಲ್ಲದ ವಸ್ತು. ಅಣುಸ್ಥಾವರದ ನೆರೆಯಲ್ಲಿ ಬದುಕುವ ಜಿಲ್ಲೆಯ ಜನರಿಗೆ ಅದರ ಬಗ್ಗೆ ಇದಕ್ಕಿಂತ ಹೆಚ್ಚು ತಿಳಿಯುವ ಹಕ್ಕಿದೆ.

ಆದ್ದರಿಂದ ಆ ಚೌಕಟ್ಟಿನ ವಾಕ್ಯವನ್ನು, ಸ್ಪಿನ್ನುಗಳಿಗೆ ಗೊತ್ತಾದ ದಿಕ್ಕಿಲ್ಲದಿದ್ದಾಗ ವಿಕಿರಣ ಎಲ್ಲ ಕಡೆಗೂ ಸಮನಾಗಿ ಹೊರಡುತ್ತದೆ ಎಂದು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ತಮ್ಮ ವಿಜ್ಞಾನ ಪುರವಣಿಯಲ್ಲಿ ವು ಅವರ ಪ್ರಯೋಗದ ಬಗ್ಗೆ ಚಿತ್ರಸಹಿತ ಲೇಖನವೊಂದು ಬಂದರೆ ಇನ್ನೂ ಒಳ್ಳೆಯದು, ದ್ವಿತೀಯ ಪಿಯುಸಿಯ ಉಪನ್ಯಾಸಕರು ಅದನ್ನು ತರಗತಿಯಲ್ಲಿ ಬಳಸಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಕಾರವಾರ